ಪೆನ್ಸಿಲ್ ಚುಕ್ಕೆ

ಭಾನುವಾರ ಸುಸಲಾ ತಟ್ಟೆ ಖಾಲಿಯಾಗುವುದರೊಳಗೆ
ಚೌಬಾರಾದ ಹಿಂದಿನ ಹೋಟೆಲಿನಲ್ಲಿ
ಎಪ್ಪತ್ನಾಲ್ಕರ ತಂಡ ಮೇಜಿನ ಮೇಲೆ ಇಳಿದಿರುತ್ತದೆ:
ಉಪ್ಪಿನ ಡಬ್ಬಿ ಇಸಾಮುದ್ದೀನ್,
ಎರಡು ಬಸಿ ಕಾಶೀರಾಯ ಮತ್ತು ಅವನ ತಮ್ಮ,
ಅರ್ಧ ಕಚ್ಚಿದ ಮಿರ್ಚಿ ಡ್ರಿಲ್ ಮಾಸ್ತರರ ಮಗ ಸುಂದರರಾಜ,
ನೀರಿನ ಜಗ್ಗು, ಎಂದಿನಂತೆ, ಗುಂಡೇರಾವ್.
ಆರಡಿ ಎರಡಿಂಚು. ಸಿನಿಮಾ ಟಾಕೀಸಿನಲ್ಲಿ
ಅವನ ಹಿಂದೆ ಯಾರೂ ಕೂಡುತ್ತಿರಲಿಲ್ಲ.

"ಕೆಮ್ಮಣ್ಣಿನ ಮ್ಯಾಲ ಆಡಿದ್ರಪಾ, ಬರಿಗಾಲಿಲೆ.
ಪುಟಿದ ಚೆಂಡು ಯಾ ಕಡಿ ಹಾರ್ತದ ಆ ಚೆಂಡಿಗೇ ಗೊತ್ತಿರಲಿಲ್ಲ.
ನಿನ್ನ ಹುಡುಗರಿಗೆ ಆ ಅಂಗಳ ಕೊಡು,
ಹತ್ತು ನಿಮಿಷದಾಗ ಮೊಣಕಾಲ ಹಿಡ್ಕೊಂಡು ಕೂಡ್ತಾರ."
ಮಾಣಿಕಪ್ಪ ಇದನ್ನು ಹೇಳುವಾಗ ತನ್ನ ಮೊಣಕಾಲನ್ನೇ ಹಿಡಿದಿರುತ್ತಾನೆ.

"ಮೊಣಕಾಲ ಬಿಡ್ರಿ ಕಾಕಾ.
ಎರಡು ಸಾವಿರದ ಮೂರರ ಟೀಮು
ಸೆಮಿಫೈನಲ್‌ದಾಗ ತೊಂಬತ್ತೆರಡು ಹೊಡೀತು.
ನಿಮ್ಮವರು ಎರಡು ಮ್ಯಾಚ್ ಕೂಡಿಸಿದ್ರೂ ಅಷ್ಟಾಗ್ತದೇನು?"
ಬಶೀರನ ಉಗುರಲ್ಲಿ ಗ್ರೀಸು. ಆ ತಂಡದ ಬೆಂಚಿನ ಹುಡುಗ ಅವನು,
ಆ ತೊಂಬತ್ತೆರಡರಲ್ಲಿ ಅವನದು ಒಂದು ಫ್ರೀ ಥ್ರೋ.

ಮೊಸರಿಗೆ ಬಂದ ಜಗದೇವಿ ಸಿಸ್ಟರ್
ಸ್ಕೂಟಿ ಆರಿಸದೆ ಕೇಳುತ್ತಾಳೆ:
"ತೊಂಬತ್ತೆರಡರಿಂದ ಮೂರು ವರ್ಷ ಶೀಲ್ಡ್ ಮನಿಗೆ ತಂದೀವಿ.
ನಮಗ ಈ ಮೇಜಿನ ಮ್ಯಾಲ ಒಂದು ಚಮಚನೂ ಇಲ್ಲೇನ್ರಿ?"
ನಗುತ್ತಾರೆ. ಚಮಚ ಯಾರೂ ಇಡುವುದಿಲ್ಲ.
ಅವಳು ಹೋದ ಮೇಲೆ ನಾನೊಂದು ಇಟ್ಟೆ,
ಹೋಟೆಲಿನ ಹುಡುಗ ಎಂಜಲೆಂದು ಎತ್ತಿಕೊಂಡು ಹೋದ.

"ಆಗ ಮೂರರ ಗೆರಿ ಎಲ್ಲಿತ್ತೋ ಬಶ್ಯಾ!
ಇಸಾಮು ಅರ್ಧ ಗ್ರೌಂಡಿನಿಂದ ಹಾಕಿದ್ರೂ ಎರಡೇ.
ಗೆರಿ ಇದ್ದಿದ್ರ..."

ಈ "ಇದ್ದಿದ್ರ" ಬಂದಾಗ ಎಲ್ಲರೂ ನನ್ನತ್ತ ತಿರುಗುತ್ತಾರೆ.
ನಾನು ಆಡಿದವನಲ್ಲ, ಬರೆದವನು.
ರಿಂಗಿಗೆ ಆ ವರ್ಷ ಜಾಳಿಗೆ ಇರಲಿಲ್ಲ,
ದೂರದ ಚೆಂಡು ಒಳಗೆ ಹೋಯಿತೋ ಹೊರಗೋ ಎಂದು ಜಗಳ.
ಅಂಥ ಪ್ರತಿಯೊಂದಕ್ಕೂ ಅಂಕಿಯ ಪಕ್ಕ
ಪೆನ್ಸಿಲಿನ ಒಂದು ಚುಕ್ಕೆ ಇಟ್ಟುಕೊಂಡೆ, ಸಾಕ್ಷಿ ಕೇಳಿದರೆ ಇರಲೆಂದು.
ಯಾರೂ ಕೇಳಲಿಲ್ಲ. ಐವತ್ತೊಂದು, ಐವತ್ತು.
ಬೀದರಿಗೆ ಶೀಲ್ಡು, ರಾಯಚೂರಿಗೆ ರಾತ್ರಿಯ ಬಸ್ಸು.

ಆ ಪುಸ್ತಕ ನನ್ನ ಟ್ರಂಕಿನಲ್ಲಿದೆ,
ಪುರಸಭೆಯ ನೀರಿನ ಬಿಲ್ಲುಗಳ ಕೆಳಗೆ.
ಹೋದ ಯುಗಾದಿಗೆ ಸುಣ್ಣ ಹೊಡೆಸುವಾಗ ತೆಗೆದೆ,
ಕೂತು ಎಣಿಸಿದೆ.
ಇಸಾಮುದ್ದೀನನಿಗೆ ನಾಲ್ಕು ಚುಕ್ಕೆ. ನಮಗೆ ಐವತ್ತೈದು.
ರಾಯಚೂರಿನ ಒಂಬತ್ತನೇ ನಂಬರು, ಎಡಗೈ,
ಪುಸ್ತಕದಲ್ಲಿ ಬರೀ ವಿ. ತಿಮ್ಮಯ್ಯ,
ಅವನೊಬ್ಬನಿಗೇ ಆರು.
ಅವರಿಗೆ ಐವತ್ತಾರು.

ಮತ್ತೆ ಎಣಿಸಿದೆ. ಹೆಂಡತಿ ಕೇಳಿದಳು,
"ಯಾರಿಗಿ ಎಷ್ಟು ಕೊಡೋದದ?"

ಗೆರೆಯೇ ಇಲ್ಲದ ದಿನಕ್ಕೆ ಈಗ ಗೆರೆ ಎಲ್ಲಿ ಎಳೆಯಲಿ?
ಗೆರೆ ಇದ್ದಿದ್ದರೆ ಗುಂಡೇರಾವ್ ರಿಂಗಿನ ಕೆಳಗೆ
ಜಗ್ಗಿನಂತೆ ನಿಂತಿರುತ್ತಿದ್ದನೆ?
ಎಡಗೈಯವನ ಮುಂದೆ ಕೈಯೆತ್ತಿ ಒಬ್ಬರಾದರೂ ಓಡುತ್ತಿರಲಿಲ್ಲವೆ?
ಹೀಗೆಲ್ಲ ನನಗೆ ನಾನೇ ವಾದಿಸಿದೆ.
ರಬ್ಬರ್ ಕೈಯಲ್ಲೇ ಇತ್ತು.
ಚುಕ್ಕೆ ಒಂದನ್ನೂ ಮುಟ್ಟಲಿಲ್ಲ.
ಬರೆದವನಿಗೆ ಅಳಿಸುವ ಹಕ್ಕಿಲ್ಲ ಎಂದೋ,
ಇಲ್ಲಾ ತಿಮ್ಮಯ್ಯ ಎಲ್ಲೋ ಒಂದು ಮೇಜಿನ ಮುಂದೆ
ಇದೇ "ಇದ್ದಿದ್ರ" ಎನ್ನುತ್ತಿರಬಹುದು ಎಂದೋ.

"ಗೆರಿ ಇದ್ದಿದ್ರ ಹತ್ತು ಪಾಯಿಂಟಿಲೆ ಗೆಲ್ತಿದ್ವಿ. ಹೌದಿಲ್ಲೋ?
ನಿನ್ನ ಬುಕ್ಕಿನಾಗ ಅದನಲ್ಲ?" ಮಾಣಿಕಪ್ಪನ ಕಣ್ಣು
ಉಪ್ಪಿನ ಡಬ್ಬಿಯ ಮೇಲೆ.
ಇಸಾಮುದ್ದೀನ್ ಹೋಗಿ ಈ ರಂಜಾನಿಗೆ ಎರಡು ವರ್ಷ.

"ಆ ಹಾಳಿ ಹುಳ ತಿಂದಾವ" ಎಂದೆ.
"ಚಾ ಐದಾಯ್ತು. ಯಾರ ಲೆಕ್ಕಕ್ಕ ಬರೀಲಿ?"